ಎರಡನೆಯ ಆಲ್ಬಮ್ಮಿಗೆ ಮುನ್ನ ಸೋದರಮಾವನ ನಾಲ್ಕು ಮಾತು

ಸಭೆಯ ಅಧ್ಯಕ್ಷರೂ ನನಗೆ ಮಗ್ಗಿ ಕಲಿಸಿದ ಗುರುಗಳೂ ಆದ ಸಣ್ಣಸ್ವಾಮಿ ಮೇಷ್ಟ್ರೇ, ನಮ್ಮ ತಿರುವು ರಸ್ತೆಯಲ್ಲಿ ಹೊಟ್ಟೆ ತೊಳಸಿದರೂ ನಗುಮುಖದಿಂದಲೇ ಬಂದಿಳಿದ ಆಡಿಯೋ ಕಂಪನಿಯ ಕೀರ್ತಿಕುಮಾರ್ ಅವರೇ, ಇವತ್ತಿನ ಸನ್ಮಾನಿತೆ, ನಾಡಿಗೆಲ್ಲ ಗಾಯಕಿ, ನನಗೆ ತಂಗಿಯ ಮಗಳಾದ ಕಾವ್ಯಶ್ರೀ, ನಮ್ಮ ಬೆಳೆಗಾರರ ಸಂಘದ ಸದಸ್ಯ ಬಂಧುಗಳೇ, ಶನಿವಾರದ ಸಂತೆ ಮುಗಿಸಿ ತರಕಾರಿ ಚೀಲದ ಸಮೇತ ಒಳಗೆ ಬಂದು ಕುಳಿತಿರುವ ತಾಯಂದಿರೇ, ಕುರ್ಚಿ ಖಾಲಿ ಇದ್ದರೂ ಕಿಟಕಿಯ ಸರಳು ಹಿಡಿದೇ ನಿಂತಿರುವ ಯುವಕ ಮಿತ್ರರೇ, ಒಟ್ಟಿನಲ್ಲಿ ಈ ಸಮುದಾಯ ಭವನವನ್ನು ತುಂಬಿಸಿರುವ ಸಭಿಕರೇ, ತಮಗೆಲ್ಲ ಈ ನಂದೀಶನ ಗೌರವಪೂರ್ವಕ ವಂದನೆಗಳು.

ನನ್ನ ಪರಿಚಯ ಶನಿವಾರಸಂತೆಯವರಿಗೆ ಬೇಕಾಗಿಲ್ಲ, ಕೀರ್ತಿಕುಮಾರ್ ಅವರಿಗಾಗಿ ಹೇಳುತ್ತೇನೆ. ನಾನು ಭತ್ತ, ಶುಂಠಿ, ಮೆಣಸು ಬೆಳೆಗಾರರ ಸಂಘದ ಕಾರ್ಯದರ್ಶಿ. ಎಲ್ಲಾದರೂ ಮೂವರು ನಿಂತು ಮಾತಾಡುತ್ತಿದ್ದರೆ ಏನು ವಿಷಯವೆಂದು ಹೋಗಿ ನಾಲ್ಕನೆಯವನಾಗಿ ನಿಲ್ಲುವವನು. ನಮ್ಮ ಮನೆಯವಳು ಗುರುಸಿದ್ದಮ್ಮ ಮಹಿಳೆಯರ ಸಾಲಿನಲ್ಲಿ ಕುಳಿತಿದ್ದಾಳೆ. ನೆಂಟರ ಮನೆಗೆ ಹೋದರೂ ನಾನು ಅಡುಗೆ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತೇನೆಂದು ಅವಳು ಇಡೀ ಊರಿಗೆ ಡಂಗುರ ಹೊಡೆದಿದ್ದಾಳೆ. ಸುಳ್ಳಲ್ಲ. ಮುಚ್ಚಿಟ್ಟದ್ದನ್ನು ಕಂಡರೆ ನನಗೆ ತಡೆಯುವುದಿಲ್ಲ. ಶಾಲೆಯ ಗೋಡೆ ಗಡಿಯಾರದೊಳಗೆ ಏನಿದೆ ಎಂದು ಬಿಚ್ಚಿ ನೋಡಿದವನು ನಾನೇ. ತಿರುಗಿ ಜೋಡಿಸಿದವರು ನಮ್ಮ ಮೇಷ್ಟ್ರು. ಅದಕ್ಕೇ ಇರಬೇಕು, ಇವತ್ತು ತಮ್ಮ ಕೈಗಡಿಯಾರವನ್ನು ಬಿಚ್ಚಿ ನನ್ನ ಕಣ್ಣಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟಿದ್ದಾರೆ. ಐದು ನಿಮಿಷ ಎಂದಿದ್ದಾರೆ. ಪ್ರಯತ್ನ ಮಾಡುತ್ತೇನೆ.

ಮೊದಲು ಒಂದು ವಿಷಯ ತಿಳಿಸಿಬಿಡಬೇಕು. ಆಹ್ವಾನ ಪತ್ರಿಕೆಯಲ್ಲಿ ‘ಕಾವ್ಯಶ್ರೀಯವರ ಎರಡನೆಯ ಆಲ್ಬಂ ಲೋಕಾರ್ಪಣೆ’ ಎಂದು ದೊಡ್ಡ ಅಕ್ಷರದಲ್ಲಿ ಅಚ್ಚಾಗಿದೆ. ಆದರೆ ಲೋಕಾರ್ಪಣೆ ಆಗುತ್ತದೆಯೋ ಇಲ್ಲವೋ ಈ ಗಳಿಗೆಯವರೆಗೆ ಯಾರಿಗೂ ಗೊತ್ತಿಲ್ಲ. ಹಾಡುಗಳು ಸಿದ್ಧವಾಗಿವೆ. ಕೀರ್ತಿಕುಮಾರ್ ಅವರ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿದರೆ ಲೋಕಕ್ಕೆಲ್ಲ ಹೋಗುತ್ತವೆ. ಆದರೆ ನಮ್ಮ ಹುಡುಗಿ ಒಂದು ಷರತ್ತು ಹಾಕಿದ್ದಾಳೆ. ಅವಳ ತಾಯಿ, ನನ್ನ ತಂಗಿ ಯಮುನಾ, ಮೊದಲು ಕೂತು ಕೇಳಬೇಕು. ಅವಳು ಪೂರ್ತಿ ಕೇಳಿದರೆ ಬಿಡುಗಡೆ. ನಡುವೆ ಎದ್ದು ಹೋದರೆ ಹಾಡುಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ.

ಇದೇನು ದೊಡ್ಡ ಷರತ್ತು, ಹೆತ್ತ ತಾಯಿ ಮಗಳ ಹಾಡು ಕೇಳುವುದಿಲ್ಲವೇ ಎಂದು ನೀವು ಕೇಳಬಹುದು. ಸ್ವಾಮಿ, ಅವಳು ಮೊದಲನೆಯ ಆಲ್ಬಮ್ಮನ್ನು ಇವತ್ತಿನವರೆಗೆ ಕೇಳಿಲ್ಲ. ಮೂರು ವರ್ಷದಿಂದ ನಾಡಿನ ಸಣ್ಣ ಮಕ್ಕಳ ಬಾಯಲ್ಲೂ ಇರುವ ಹಾಡನ್ನು ಅದೇ ಮನೆಯ ಅವಳು ಕೂತು ಕೇಳಿಲ್ಲ. ಈ ಸಲವೂ ಮಗಳು ಮನೆಯಲ್ಲಿ ಕೇಳಿಸುತ್ತೇನೆಂದರೆ ಒಪ್ಪಲಿಲ್ಲ. ನಾನು ನಡುವೆ ಓಡಾಡಿ ರಾಜಿ ಮಾಡಿದ ಮೇಲೆ ನಿನ್ನೆ ಇಷ್ಟು ಹೇಳಿದಳು: “ಬತ್ತೀನಿ ಅಣ್ಣ. ಬಾಗ್ಲತ್ರ ಕೂತ್ಕತೀನಿ. ಆಗ್ನಿಲ್ಲ ಅಂದ್ರೆ ಎದ್ದೋಯ್ತೀನಿ, ನನ್ನ ಕರೀಬೇಡಿ.” ಹೇಳಿದ ಹಾಗೆಯೇ ಬಂದಿದ್ದಾಳೆ. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದಲ್ಲಿ ಕುಳಿತಿದ್ದಾಳೆ. ದಯವಿಟ್ಟು ಎಲ್ಲರೂ ಒಟ್ಟಿಗೆ ಹಿಂದೆ ತಿರುಗಿ ನೋಡಬೇಡಿ. ನೋಡಿಯೇಬಿಟ್ಟಿರಿ.

ಮೊದಲನೆಯ ಆಲ್ಬಮ್ಮಿನ ಬಗ್ಗೆ ನಾನು ಹೇಳುವುದೇನಿದೆ? ‘ಅತ್ಲಾಗ್ ಹೋಗು’ ಗೊತ್ತಿಲ್ಲದವರು ಈ ರಾಜ್ಯದಲ್ಲಿ ಯಾರಿದ್ದಾರೆ? ಮದುವೆ ಮನೆಯಲ್ಲಿ ಅದೇ, ಆಟೋದಲ್ಲಿ ಅದೇ, ಕಾಲೇಜು ಡೇಗಳಲ್ಲಿ ಅದೇ. ನಾಪೋಕ್ಲಿನಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೋಗಿದ್ದೆ; ಉಂಗುರ ತೊಡಿಸುವ ಹೊತ್ತಿಗೆ ಸರಿಯಾಗಿ ಯಾರೋ ಪುಣ್ಯಾತ್ಮರು ‘ಅತ್ಲಾಗ್ ಹೋಗು, ಈ ಕಡೆ ಬರಬೇಡ’ ಎಂದು ಹಾಕಿದರು. ಹುಡುಗನ ಅಜ್ಜಿಗೆ ಸಿಟ್ಟು ಬಂತು, ಹುಡುಗಿ ಮಾತ್ರ ಕುಣಿದಳು. ಕೈಕೊಟ್ಟ ಪ್ರೇಮಿಯನ್ನು ಹುಡುಗಿಯೊಬ್ಬಳು ಬೈದು ಓಡಿಸುವ ಹಾಡು ಅದು ಎಂದು ಎಲ್ಲರೂ ತಿಳಿದಿದ್ದಾರೆ. ಪತ್ರಿಕೆಯವರೂ ಹಾಗೇ ಬರೆದರು. ಆ ಪ್ರೇಮಿ ಯಾರು ಎಂದು ನಮ್ಮೂರಲ್ಲಿ ಎಷ್ಟು ಜನ ನನ್ನನ್ನು ಗುಟ್ಟಾಗಿ ಕೇಳಲಿಲ್ಲ? ಹಾಡಿನ ನಡುವೆ ಅವಳು ಒಂದು ಕೂಗು ಹಾಕುತ್ತಾಳಲ್ಲ, ತಾಳ ನಿಂತು, ವಾದ್ಯ ನಿಂತು, ಬರೀ ಗಂಟಲಿನಲ್ಲಿ ‘ಅತ್ಲಾಗ್ ಹೋಗೂ’ ಎಂದು ಎಳೆದು ಕೂಗುವುದು, ಜನ ಬಿದ್ದದ್ದೇ ಅದಕ್ಕೆ. ಹಾಡು ಮರೆತವರಿಗೂ ಆ ಕೂಗು ನೆನಪಿದೆ.

ಈ ಕಂಠ ಯಾರಿಂದ ಬಂತು ಎಂದು ಟೀವಿಯವರು ಮನೆಗೆ ಬಂದು ಕೇಳಿದರು. ನಾನು ಹುಡುಕಿದೆ, ಸಿಗಲಿಲ್ಲ. ನಮ್ಮ ಕಡೆ ಯಾರೂ ಹಾಡಿದವರಿಲ್ಲ. ಅವಳ ತಂದೆ, ನಮ್ಮ ಭಾವ ಅಶ್ವಥ್, ಪಾಪ, ಭಜನೆಯಲ್ಲಿ ಬಾಯಿ ಬಿಟ್ಟರೆ ತಾಳ ಹಾಕುವವನು ತಪ್ಪುತ್ತಿದ್ದ. ಹಾಗಾಗಿ ಅವನಿಗೆ ಪ್ರಸಾದ ಹಂಚುವ ಕೆಲಸ ಕೊಟ್ಟಿದ್ದರು. ಒಳ್ಳೆಯ ಮನುಷ್ಯ. ಅಂಥ ಭಾವ ಸಿಗಲು ನಾವು ಪುಣ್ಯ ಮಾಡಿದ್ದೆವು. ಅವನನ್ನು ಆನೆ ತುಳಿದದ್ದು, ಆಮೇಲೆ ಯಮುನಾ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದದ್ದು ನಿಮಗೆಲ್ಲ ತಿಳಿದದ್ದೇ. ಇರಲಿ, ಇವತ್ತು ಸಂತೋಷದ ದಿನ.

ಆನೆಯ ಮಾತು ಬಂತಲ್ಲ, ಅದನ್ನು ಮುಗಿಸಿ ಮುಂದೆ ಹೋಗುತ್ತೇನೆ. ಕೀರ್ತಿಕುಮಾರ್ ಅವರೇ, ನಿಮ್ಮ ಕಂಪನಿಯ ಹಾಡು ಎಲ್ಲೆಲ್ಲಿ ಎಷ್ಟು ಸಲ ಕೇಳಿಸಿತು ಎಂಬ ಲೆಕ್ಕದಲ್ಲಿ ನಮ್ಮ ಕೆರೆಯ ಕೆಳಗಿನ ಗದ್ದೆ ಸೇರಿದೆಯೋ ಇಲ್ಲವೋ ತಿಳಿಯದು. ಸೇರಿಸಿಕೊಳ್ಳಿ. ಮೈಕ್ ಸೆಟ್ಟಿನ ನಮ್ಮ ಮಹೇಶ ಒಂದು ಸಂಜೆ ಕೆರೆ ಏರಿಯ ಮೇಲೆ ತನ್ನ ಹಾರ್ನ್ ಪರೀಕ್ಷೆ ಮಾಡುತ್ತಾ ಈ ಹಾಡು ಹಾಕಿದ. ಆಗಲೇ ಭತ್ತಕ್ಕೆ ಇಳಿದಿದ್ದ ಒಂಟಿ ಸಲಗ ಆ ಕೂಗು ಬಂದದ್ದೇ ತಡ, ತಿರುಗಿ ಬಿದಿರಿನೊಳಗೆ ನುಗ್ಗಿತು. ನಾವೆಲ್ಲ ತಗಡು ಬಡಿದು, ಪಟಾಕಿ ಹೊಡೆದು, ಗಂಟಲು ಹರಿದುಕೊಂಡರೂ ಕದಲದ ಪ್ರಾಣಿ. ಮಾರನೆಯ ದಿನವೇ ಸಂಘದ ತುರ್ತು ಸಭೆ ಕರೆದು ನಿರ್ಣಯ ಮಾಡಿದೆವು. ಅವತ್ತಿನಿಂದ ದಿನಾ ಮುಸ್ಸಂಜೆ ಗದ್ದೆಯ ಹಾರ್ನಿನಲ್ಲಿ ‘ಅತ್ಲಾಗ್ ಹೋಗು’. ಭತ್ತದ ಕಾಲಕ್ಕೆ ಭತ್ತ ಕಾಯಲು, ಅದು ಮುಗಿದರೆ ಬಾಳೆಗೆ, ಆಮೇಲೆ ಹಲಸಿಗೆ. ಮೊದಲ ವರ್ಷ ಒಂದು ತೆನೆಯೂ ಹೋಗಲಿಲ್ಲ.

ಎರಡನೆಯ ವರ್ಷ ಏನಾಯಿತು? ಆನೆ ಬಂದು ಏರಿಯ ಆ ಕಡೆ ನಿಂತು ಕೇಳಲು ಶುರುಮಾಡಿತು. ಅದಾದ ಮೇಲೆ ಹಾಡು ಹಾಕಿದರೆ ಮಾತ್ರ ಬರತೊಡಗಿತು. ಒಂದು ದಿನ ಕರೆಂಟಿಲ್ಲದೆ ಹಾಡು ಹಾಕಲಿಲ್ಲ, ಅವತ್ತು ಆನೆಯೂ ಬರಲಿಲ್ಲ. ನಾನು ಯೋಚಿಸಿ ನೋಡಿದೆ. ನಾವು ಎಲ್ಲಿ ಹಾರ್ನ್ ಕಟ್ಟುತ್ತೇವೆ? ಎಲ್ಲಿ ಬೆಳೆ ಹಣ್ಣಾಗಿದೆಯೋ ಅಲ್ಲಿ. ಅದನ್ನು ಆನೆಗಳು ಕಂಡುಕೊಂಡಿದ್ದವು. ನಾವು ಓಡಿಸುವ ಹಾಡು ಎಂದುಕೊಂಡದ್ದು ಅವಕ್ಕೆ ಊಟಕ್ಕೆ ಕರೆಯುವ ಗಂಟೆ ಆಗಿತ್ತು. ಬುದ್ಧಿ ಯಾರಿಗೆ ಜಾಸ್ತಿ ಎಂಬ ಪ್ರಶ್ನೆಯನ್ನು ಮೇಷ್ಟ್ರಿಗೆ ಬಿಡುತ್ತೇನೆ. ಆದರೂ ಸಂಘದಲ್ಲಿ ಒಂದು ಪಂಗಡದವರು ಹಾಡು ನಿಲ್ಲಿಸಲು ಒಪ್ಪಲಿಲ್ಲ. ಅಭ್ಯಾಸ ಆಗಿಹೋಗಿದೆ ಎಂದರು. ಆನೆಗೋ ತಮಗೋ ಎಂದು ಬಿಡಿಸಿ ಹೇಳಲಿಲ್ಲ. ಇವತ್ತು ಮಾತ್ರ ಅದೇ ಹಾರ್ನ್ ಬಿಚ್ಚಿ ತಂದು ಈ ಭವನಕ್ಕೆ ಕಟ್ಟಿರುವುದರಿಂದ ಗದ್ದೆಗೆ ರಜೆ.

ಅಷ್ಟರಲ್ಲಿ ಕಾವ್ಯಶ್ರೀ ಎರಡನೆಯ ಆಲ್ಬಂ ಮಾಡುತ್ತಾಳೆಂಬ ಸುದ್ದಿ ಬಂತು. ಸಂಘದವರಿಗೆ ಜೀವ ಬಂದ ಹಾಗಾಯಿತು. ಹೊಸ ಹಾಡು ಸಿಕ್ಕರೆ ಆನೆಗೂ ಹೊಸ ಹೆದರಿಕೆ ಹುಟ್ಟುತ್ತದೆ ಎಂದು ನಾವು ಐದಾರು ಜನ ಸೇರಿ ಅವಳಿಗೆ ಫೋನ್ ಮಾಡಿದೆವು. ಸಲಹೆಗಳನ್ನು ಕೊಟ್ಟೆವು. ನಡುವೆ ಪಟಾಕಿ ಸರ ಇರಲಿ ಎಂದರು ಒಬ್ಬರು. ಜೀಪಿನ ಹಾರ್ನ್ ಇರಲಿ ಎಂದರು ಇನ್ನೊಬ್ಬರು. ಸಾಧ್ಯವಾದರೆ ಒಂದು ಹುಲಿ ಎಂದವನು ನಾನೇ. ಅವಳು ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, “ಮಾವ, ಇದು ಆಲ್ಬಮ್ಮೋ ಇಲ್ಲಾ ಫಾರೆಸ್ಟ್ ಡಿಪಾರ್ಟ್‌ಮೆಂಟೋ?” ಎಂದಳು.

ನಮ್ಮದು ಹಾಗಾದರೆ ಕಂಪನಿಯವರದು ಹೇಗಿತ್ತು? ಕೀರ್ತಿಕುಮಾರ್ ಅವರೇ, ನೀವು ನಮ್ಮ ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಾ ಆಡಿದ ಮಾತನ್ನು ಇಲ್ಲಿ ಹೇಳಿದರೆ ಬೇಸರವಿಲ್ಲವಲ್ಲ? ಪ್ರತಿ ಹಾಡಿನಲ್ಲೂ ಆ ಕೂಗು ಇರಲಿ, ಜನ ಅದಕ್ಕೇ ಕಾಯುತ್ತಿದ್ದಾರೆ, ಅದಿಲ್ಲದಿದ್ದರೆ ಇವಳನ್ನು ಗುರುತು ಹಿಡಿಯುವುದೇ ಕಷ್ಟ ಎಂದಿರಿ. ಅಂದರೆ ಬೆಂಗಳೂರಿನ ಏಸಿ ರೂಮಿನವರಿಗೂ ನಮ್ಮ ಗದ್ದೆ ಬದುವಿನವರಿಗೂ ಬೇಕಾದದ್ದು ಒಂದೇ. ಇಷ್ಟು ದೊಡ್ಡ ಒಮ್ಮತ ನಮ್ಮ ಸಂಘದ ಚುನಾವಣೆಯಲ್ಲೂ ಬಂದಿಲ್ಲ.

ಅವಳು ಯಾರಿಗೂ ಮಾತು ಕೊಡಲಿಲ್ಲ. ಮೆಣಸು ಕೊಯ್ಲಿನ ಹೊತ್ತಿಗೆ ಎರಡು ಪೆಟ್ಟಿಗೆ ಸಾಮಾನು ಹಾಕಿಕೊಂಡು ಊರಿಗೆ ಬಂದಳು. ಒಂದು ಸಂಜೆ ಕಣದಲ್ಲಿ ನನ್ನ ಜೊತೆ ಕೂತಿದ್ದಾಗ ಹೇಳಿದಳು: “ಫಸ್ಟ್ ಆಲ್ಬಂ ಮಾಡೋದು ಸುಲಭ ಮಾವ. ಯಾರೂ ಕಾಯ್ತಿರಲ್ಲ.” ಆ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ನಾವು ಮೊದಲ ಸಲ ಶುಂಠಿ ಹಾಕಿದಾಗ ಬಂದ ಬೆಳೆ, ಎರಡನೆಯ ಸಲ ಊರೆಲ್ಲ ಬಂದು ಬೇಲಿ ಹಿಡಿದು ನೋಡುವಾಗ ಯಾಕೆ ಬರುವುದಿಲ್ಲ? ಬೀಜ ಅದೇ, ನೆಲ ಅದೇ. ನೋಡುವವರ ಕಣ್ಣು ಬಿದ್ದು ಹಾಳಾಗುತ್ತದೆ ಎಂದು ಗುರುಸಿದ್ದಮ್ಮ ಹೇಳುತ್ತಾಳೆ. ಇದ್ದರೂ ಇರಬಹುದು.

ರೆಕಾರ್ಡಿಂಗಿಗೆ ನಮ್ಮ ಕಾಫಿ ಗೋಡೌನನ್ನು ಕೇಳಿದಳು. ಗೋಡೆಯ ಸುತ್ತ ಕಾಫಿ ಚೀಲಗಳನ್ನು ಸೂರಿನವರೆಗೆ ಪೇರಿಸಿದ್ದೆವು. ಬೆಂಗಳೂರಿನಲ್ಲಿ ಸದ್ದು ಮಾರ್ದನಿಸದಿರಲಿ ಎಂದು ಗೋಡೆಗೆ ಸ್ಪಂಜು ಅಂಟಿಸುತ್ತಾರಂತೆ. ಅದಕ್ಕಿಂತ ಕಾಫಿ ಚೀಲ ವಾಸಿ ಎಂದಳು. ಒಳಗೆ ಹೋದಳು, ಬಾಗಿಲು ಹಾಕಿಕೊಂಡಳು. ಯಾರೂ ಬರಬಾರದು, ಜೀಪು ಸ್ಟಾರ್ಟ್ ಮಾಡಬಾರದು, ನಾಯಿ ಬೊಗಳಬಾರದು.

ಸಭಿಕರೇ, ನನ್ನ ಸ್ವಭಾವ ಗೊತ್ತಿರುವ ನೀವೇ ಹೇಳಿ, ನನ್ನ ಗತಿ ಏನಾಗಬೇಡ? ನನ್ನದೇ ಗೋಡೌನು, ನನ್ನದೇ ಬಾಗಿಲು, ಒಳಗೆ ನನ್ನದೇ ಸೋದರಸೊಸೆ, ಏನು ನಡೆಯುತ್ತಿದೆ ಎಂದು ನನಗೇ ಗೊತ್ತಿಲ್ಲ. ಮೆಣಸು ಹರಡುವ ನೆಪದಲ್ಲಿ ಬಾಗಿಲ ಹತ್ತಿರವೇ ಸುಳಿದಾಡುತ್ತಿದ್ದೆ. ಕೂಗು ಬರುತ್ತದೆಂದು ಕಾದೆ. ಬರಲಿಲ್ಲ. ಡ್ರಮ್ಮೂ ಇಲ್ಲ, ಗಿಟಾರೂ ಇಲ್ಲ. ಒಂದು ಸಣ್ಣ ಸದ್ದು ಮಾತ್ರ. ಸರ್ ಸರ್ ಎಂದು ಉಜ್ಜಿದ ಹಾಗೆ, ನಡುವೆ ಟಪ್ ಎಂದು ಒಂದು ಪೆಟ್ಟು. ತಿರುಗಿ ಸರ್ ಸರ್, ಟಪ್. ಶೀಟಿನ ಮೇಲೆ ಮಳೆ ಹನಿಯಿತೆಂದು ಓಡಿ ಹೋಗಿ ಮೆಣಸಿಗೆ ಟಾರ್ಪಾಲು ಎಳೆದೆ. ಆಕಾಶ ನೋಡಿದರೆ ಒಂದು ಮೋಡವಿಲ್ಲ. ಇಲಿ ಚೀಲ ಕಡಿಯುತ್ತಿದೆಯೇ ಎಂದುಕೊಂಡೆ. ಇಲಿ ಇಷ್ಟು ತಾಳಬದ್ಧವಾಗಿ ಕಡಿಯುತ್ತದೆಯೇ?

ಇತ್ತ ಮನೆಯಲ್ಲಿ ಬೇರೆಯದೇ ತನಿಖೆ. ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಮೊರ ಕಾಣೆಯಾಗಿತ್ತು. ಅದು ಯಮುನಾ ತನ್ನ ಮನೆಯಿಂದ ತಂದ ಮೊರ, ಒಳ್ಳೆಯ ಬಿದಿರಿನದು, ಸಗಣಿ ಬಳಿದು ಬಳಿದು ಹದವಾದದ್ದು. ಅವಳು ತಂದು ಗೋಡೆಗೆ ಹಾಕಿದಳೇ ಹೊರತು ಒಂದು ದಿನವೂ ಅದನ್ನು ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಅಕ್ಕಿಯಾಗಲಿ, ಮೆಣಸಾಗಲಿ ಕೇರುವುದು ಗುರುಸಿದ್ದಮ್ಮನೇ. ಅವಳು ಪಕ್ಕದ ಮನೆಯವರ ಮೇಲೆ ಅನುಮಾನ ಪಟ್ಟು ಎರಡು ದಿನ ಅವರ ಜೊತೆ ಮಾತು ಬಿಟ್ಟಳು. ನಾನು ಅಷ್ಟು ಸುಲಭಕ್ಕೆ ಬಿಡುವವನಲ್ಲ. ಕಾವ್ಯ ನೀರು ಕುಡಿಯಲು ಹೊರಗೆ ಬಂದಾಗ ಗೋಡೌನಿನೊಳಗೆ ಹೋಗಿಯೇಬಿಟ್ಟೆ. ಚೀಲದ ಮೇಲೆ ಕಂಬಳಿ ಹಾಸಿ, ಅದರ ಮುಂದೆ ಮೈಕು ನಿಲ್ಲಿಸಿದ್ದಳು. ಮೈಕಿನ ಕೆಳಗೆ ಯಮುನಾಳ ಮೊರ, ಅದರಲ್ಲಿ ಎರಡು ಬೊಗಸೆ ಕಾಳುಮೆಣಸು.

ತಿರುಗಿ ಬಂದ ಕಾವ್ಯಳನ್ನು ಏನಿದು ಎಂದು ಕೇಳಿದೆ. ಆಮೇಲೆ ಹೇಳುತ್ತೇನೆಂದಳು. ಪಾಪ್ ಹಾಡಿಗೂ ಮೊರಕ್ಕೂ ಏನು ಸಂಬಂಧ? ಆಲ್ಬಂ ಮಾಡಲು ಬಂದವಳು ಮೆಣಸು ಕೇರುತ್ತಾ ಕೂತರೆ ಕಂಪನಿಗೆ ಏನು ಕಳಿಸುತ್ತಾಳೆ? ತಲೆ ಕೆಟ್ಟು ಮನೆಗೆ ಬಂದೆ. ಯಮುನಾ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಮೊರ ಸಿಕ್ಕಿತು, ನಿನ್ನ ಮಗಳು ಗೋಡೌನಿನಲ್ಲಿ ಮೆಣಸು ಕೇರಿ ಅದನ್ನೇ ರೆಕಾರ್ಡ್ ಮಾಡುತ್ತಿದ್ದಾಳೆ ಎಂದು ತಮಾಷೆಯಾಗಿ ಹೇಳಿದೆ. ಅವಳ ಕೈಯಲ್ಲಿದ್ದ ಪಾತ್ರೆ ಅಲ್ಲೇ ನಿಂತಿತು. ತೊಳೆಯುವ ಕಲ್ಲಿನ ಮೇಲೇ ಕೂತುಬಿಟ್ಟಳು.

ಮೇಷ್ಟ್ರೇ, ಗಡಿಯಾರ ನೋಡುತ್ತಿದ್ದೀರಿ, ನನಗೆ ಕಾಣಿಸುತ್ತಿದೆ. ಇನ್ನು ಸ್ವಲ್ಪವೇ ಇದೆ.

ನಿಮ್ಮಲ್ಲಿ ಬಹಳ ಜನ ಯಮುನಾಳಿಗೆ ಮಗಳ ಹೆಸರು ಕಂಡರೆ ಆಗುವುದಿಲ್ಲ, ಅವಳಿಗೆ ಜಂಬ ಎಂದೆಲ್ಲ ಆಡಿಕೊಂಡದ್ದುಂಟು. ನನ್ನ ಕಿವಿಗೂ ಬಿದ್ದಿದೆ. ಕಾರಣವೂ ಇತ್ತು. ಗದ್ದೆಯ ಹಾರ್ನಿನಲ್ಲಿ ಹಾಡು ಶುರುವಾದರೆ ಸಾಕು, ಅವಳು ಒಳಗೆ ಹೋಗಿ ಕಿಟಕಿ ಹಾಕಿ ಮಿಕ್ಸಿ ಆನ್ ಮಾಡುತ್ತಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ದಿನಾ ಸಂಜೆ ಚಟ್ನಿ. ಒಂದೊಂದು ದಿನ ಮಿಕ್ಸಿಯೊಳಗೆ ಏನೂ ಇರುತ್ತಿರಲಿಲ್ಲ, ಬರೀ ಓಡುತ್ತಿತ್ತು. ನಾನು ಮುಚ್ಚಳ ಎತ್ತಿ ನೋಡಿದ್ದೇನೆ. ಆದರೂ ಯಾಕೆ ಎಂದು ನನಗೆ ಹೊಳೆದಿರಲಿಲ್ಲ.

ಅವತ್ತು ಕಲ್ಲಿನ ಮೇಲೆ ಕೂತು ಅವಳೇ ಹೇಳಿದಳು. ಅಶ್ವಥ್ ಹೋದದ್ದು ಒಂದು ಶುಕ್ರವಾರ. ಮಾರನೆಯ ದಿನದ ಸಂತೆಗೆ ಮೆಣಸು ಹೋಗಬೇಕಿತ್ತು. ಹೊತ್ತು ಮುಳುಗುವ ಹೊತ್ತಿನಲ್ಲಿ ಮೊರ ಹಿಡಿಯಬಾರದು, ಲಕ್ಷ್ಮಿ ಹೊರಗೆ ಹೋಗುತ್ತಾಳೆ ಎಂದು ನಮ್ಮ ಕಡೆ ಮಾತಿದೆಯಲ್ಲ, ನಮ್ಮ ಅವ್ವ ಅದರಲ್ಲಿ ಬಹಳ ಕಟ್ಟುನಿಟ್ಟು. ಯಮುನಾ ಅವತ್ತೊಂದು ದಿನ ಏನಾದೀತು ಎಂದು ಹಿತ್ತಿಲಲ್ಲಿ ಕೂತು ಕೇರುತ್ತಿದ್ದಳು. ಅಶ್ವಥ್ ಮಗಳನ್ನು ಶಾಲೆಯಿಂದ ಕರೆದುಕೊಂಡು ಮನೆಯ ಹಿಂದಿನ ಗದ್ದೆಯ ದಾರಿಯಲ್ಲಿ ಬರುತ್ತಿದ್ದ. ಬಿದಿರಿನಿಂದ ಆನೆ ಬಂದದ್ದು ಆಗ. ಅವನು ಮಗಳನ್ನು ದಾರಿ ಬದಿಯ ಕಂದಕಕ್ಕೆ ತಳ್ಳಿದ. ಕಂದಕದಿಂದಲೇ ಆ ಮಗು ಆನೆಯನ್ನು ಓಡಿಸಲು ಕೂಗಿತು. ಏನೆಂದು ಕೂಗಿತು ಎಂಬುದನ್ನು ನಾನು ಹೇಳಬೇಕೇ? ನೀವೆಲ್ಲ ಮದುವೆ ಮನೆಗಳಲ್ಲಿ ಅದಕ್ಕೇ ಕುಣಿದಿದ್ದೀರಿ. ನಾನೂ ಕುಣಿದಿದ್ದೇನೆ. ಅದು ಯಾವ ಪ್ರೇಮಿಗೂ ಹೇಳಿದ್ದಲ್ಲ.

ಯಮುನಾ ನನಗೆ ಹೇಳಿದ ಮಾತು ಹೇಳಿಬಿಡುತ್ತೇನೆ. “ಆ ಕೂಗು ನಂಗೆ ಕೇಳುಸ್ತು ಅಣ್ಣ. ಯಾರೋ ದನ ಅಟ್ತಾವ್ರೆ ಅನ್ಕಂಡೆ. ಮೊರ ಕೆಳಗಿಡ್ಲಿಲ್ಲ ನಾನು. ಕೇರ್ತಾನೇ ಇದ್ದೆ. ಈಗ ದಿನಾ ಸಂಜೆ ಗದ್ದೆಯಿಂದ ಅದೇ ಕೂಗು ಬತ್ತದೆ. ನಂಗೆ ಮೊರ ಇನ್ನೂ ಕೈಯಲ್ಲೇ ಇದ್ದಂಗಾಯ್ತದೆ.”

ಇದನ್ನು ನಾನು ಇಲ್ಲಿ ಹೇಳಬಾರದಿತ್ತು. ಹೇಳುವುದಿಲ್ಲವೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡು ಬಂದಿದ್ದೆ. ನಾಲ್ಕು ಒಳ್ಳೆಯ ಮಾತಾಡಿ, ಶಾಲು ಹೊದಿಸಿ ಕೂರಬೇಕೆಂದಿದ್ದೆ. ಯಮುನಾ, ತಲೆ ಎತ್ತಬೇಡ, ನೋಡಬೇಡ ನನ್ನ ಕಡೆ. ಬಾಯಿಂದ ಬಂದದ್ದು ಬಂದಾಯಿತು. ಅರ್ಧ ಹೇಳಿ ಬಿಟ್ಟರೆ ಇನ್ನೂ ತಪ್ಪಾಗುತ್ತದೆ. ಉಳಿದರ್ಧ ನಿನಗೂ ಗೊತ್ತಿಲ್ಲ.

ಆ ಉಳಿದರ್ಧ ಕಾವ್ಯಳದು. ಮಾರನೆಯ ದಿನ ಮತ್ತೆ ಹೋಗಿ ಗೋಡೌನಿನ ಬಾಗಿಲಲ್ಲಿ ನ್ಯಾಯಾಧೀಶನ ಹಾಗೆ ಕೂತೆ. ಯಮುನಾ ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ, ದೇವರಾಣೆ. ಮೊರ ಯಾಕೆ ಎಂದಷ್ಟೇ ಕೇಳಿದೆ. ಆ ಸಂಜೆಯದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಮೊದಲನೆಯ ಆಲ್ಬಂ ಮಾಡುವಾಗ ಆ ಕೂಗು ಮಾತ್ರ ನೆನಪಿತ್ತಂತೆ. ಅದನ್ನು ಹಾಡಿನಲ್ಲಿ ಹಾಕಿ ಹೊರಗೆ ಬಿಟ್ಟರೆ ಒಳಗಿನಿಂದ ಹೋಗುತ್ತದೆ ಎಂದುಕೊಂಡಿದ್ದಳಂತೆ. ಹೋಗಲಿಲ್ಲ. ಜನ ಎಲ್ಲಿ ಸಿಕ್ಕರೂ ‘ಒಂದ್ಸಲ ಕೂಗಿ ಮೇಡಂ’ ಎಂದು ಕೇಳತೊಡಗಿದರು. ಸ್ಟೇಜಿನ ಮೇಲೆ ಕೂಗಿ ಕೂಗಿ ಸಾಕಾಗಿ ಒಂದು ದಿನ ಆ ಕೂಗು ಆದ ಮೇಲೆ ಏನಾಯಿತು ಎಂದು ತನ್ನನ್ನೇ ಕೇಳಿಕೊಂಡಳಂತೆ.

ಆಮೇಲೆ ಏನಾಯಿತು? ನೋಡಿ, ಇಷ್ಟು ವರ್ಷ ಈ ಪ್ರಶ್ನೆಯನ್ನು ನಾವು ಯಾರೂ ಆ ಮಗುವಿಗೆ ಕೇಳಿರಲಿಲ್ಲ. ಊರಿನ ಸಕಲ ವಿಷಯಕ್ಕೂ ತಲೆ ಹಾಕುವ ನಾನೂ ಕೇಳಿರಲಿಲ್ಲ. ಅವಳು ಹೇಳಿದ್ದು ಇಷ್ಟು: “ಕಂದಕದಿಂದ ಹತ್ತಿ ಬಂದಾಗ ನಂಗೆ ಮನೆ ಯಾವ ಕಡೆ ಅಂತ ಗೊತ್ತಾಗ್ಲಿಲ್ಲ ಮಾವ. ಮಬ್ಬಾಗಿತ್ತು, ಕಣ್ತುಂಬ ಮಣ್ಣು. ಆನೆ ಅಲ್ಲೇ ಎಲ್ಲೋ ನಿಂತಿತ್ತು. ಆಗ ಅಮ್ಮ ಮೊರ ಕೇರೋ ಸದ್ದು ಕೇಳಿಸ್ತು. ಅದನ್ನೇ ಹಿಡ್ಕೊಂಡು ನಡೆದೆ. ಅಮ್ಮ ಕೇರೋದು ನಿಲ್ಸಿದ್ರೆ ನಾನು ಯಾವ ಕಡೆ ಹೋಗ್ತಿದ್ನೋ.”

ಅವಳ ಎರಡನೆಯ ಆಲ್ಬಮ್ಮಿನಲ್ಲಿ ಕೂಗು ಇಲ್ಲ. ಪ್ರತಿ ಹಾಡಿನ ತಾಳವೂ ಆ ಮೊರದ ಸದ್ದೇ. ಅದರ ಮೇಲೆ ಅವಳು ಮೆಲ್ಲಗೆ ಹಾಡುತ್ತಾಳೆ. ನಾನು ಬಾಗಿಲ ಸಂದಿಯಿಂದ ಕೇಳಿದಷ್ಟರಲ್ಲಿ ಹೇಳುತ್ತಿದ್ದೇನೆ. ಇದು ಗೆಲ್ಲುತ್ತದೆಯೇ? ಕೀರ್ತಿಕುಮಾರ್ ಅವರಿಗೇ ಗೊತ್ತಿಲ್ಲ, ನನಗೇನು ಗೊತ್ತು? ಇದನ್ನು ಗದ್ದೆಯಲ್ಲಿ ಹಾಕಿದರೆ ಒಂದು ಹಂದಿಮರಿಯೂ ಕದಲುವುದಿಲ್ಲ, ಅದಂತೂ ಖಂಡಿತ. ಸಂಘದ ಸದಸ್ಯರು ಬೇಸರಪಡಬಾರದು. ಕಿಟಕಿಯ ಹುಡುಗರು ಸಿಳ್ಳೆ ಹಾಕಿ ಹಳೆಯ ಹಾಡು ಕೇಳಬಾರದು. ಕೂಗು ಎಂದು ಇವತ್ತು ಯಾರೂ ಆ ಹುಡುಗಿಗೆ ಹೇಳಬಾರದು. ಇದು ಕಾರ್ಯದರ್ಶಿಯಾಗಿ ಅಲ್ಲ, ಅವಳ ಸೋದರಮಾವನಾಗಿ ನಾನು ಕೈಮುಗಿದು ಕೇಳುತ್ತಿರುವುದು.

ಒಂದು ನಿಮಿಷ. ಹಿಂದೆ ಯಮುನಾ ಎದ್ದು ನಿಂತಿದ್ದಾಳೆ.

ಆ ಸಾಲಿನವರೇ, ಅವಳನ್ನು ತಡೆಯಬೇಡಿ, ಸೆರಗು ಹಿಡಿದು ಕೂರಿಸಬೇಡಿ. ಆಗದಿದ್ದರೆ ಎದ್ದು ಹೋಗುತ್ತೇನೆಂದು ಮೊದಲೇ ಹೇಳಿದ್ದಳು. ಹಾಡು ಕೇಳುವ ಮುಂಚೆಯೇ ಅವಳನ್ನು ಎಬ್ಬಿಸಿದವನು ನಾನು. ಹೋಗುವುದಾದರೆ ಹೋಗಲಿ. ಕಾವ್ಯ, ಬೇಜಾರು ಮಾಡಿಕೊಳ್ಳಬೇಡ ಮಗಾ. ಕೀರ್ತಿಕುಮಾರ್ ಅವರೇ, ಆ ಮೊಬೈಲನ್ನು ಜೇಬಿಗೆ ಹಾಕಿಕೊಳ್ಳಿ.

ಇಲ್ಲ, ಇಲ್ಲ. ಬಾಗಿಲ ಕಡೆ ಹೋಗುತ್ತಿಲ್ಲ. ಈ ಕಡೆ ಬರುತ್ತಿದ್ದಾಳೆ. ನಡುದಾರಿಯಲ್ಲಿರುವ ಸಂತೆ ಚೀಲಗಳನ್ನು ಎತ್ತಿಕೊಳ್ಳಿ ತಾಯಂದಿರೇ, ಕುರ್ಚಿ ಸರಿಸಿ, ದಾರಿ ಬಿಡಿ. ಬಾ ಯಮುನಾ. ಮೆಟ್ಲು ಎತ್ತರ ಐತೆ, ನೋಡ್ಕಂಡು ಹತ್ತು. ಮೇಷ್ಟ್ರೇ, ನೀವು ಎದ್ದು ನಿಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟಿರಲ್ಲ, ಅಧ್ಯಕ್ಷರೆಂದರೆ ಹೀಗಿರಬೇಕು. ಕೂತ್ಕೋ ಯಮುನಾ, ಮಗಳ ಪಕ್ಕದಲ್ಲೇ ಕೂತ್ಕೋ.

ಇನ್ನು ನನ್ನ ಮಾತು ಸಾಕು. ಬಿಡುವು ಮಾಡಿಕೊಂಡು ಬಂದ ತಮಗೆಲ್ಲ, ನನ್ನ ಉದ್ದದ ಮಾತನ್ನು ಸಹಿಸಿಕೊಂಡ ಅಧ್ಯಕ್ಷರಿಗೆ, ತಾವು ಕೇಳಿದ ಕೂಗು ಸಿಗದಿದ್ದರೂ ಇಲ್ಲಿಯವರೆಗೆ ಬಂದ ಕೀರ್ತಿಕುಮಾರ್ ಅವರಿಗೆ, ಎರಡು ದಿನ ಸುಮ್ಮನೆ ಬೈಸಿಕೊಂಡ ನಮ್ಮ ಪಕ್ಕದ ಮನೆಯವರಿಗೆ, ಎಲ್ಲರಿಗೂ ಹೃದಯ ತುಂಬಿದ ಕೃತಜ್ಞತೆಗಳು. ಮಹೇಶ, ಮೊದಲನೆಯ ಹಾಡು ಹಾಕಪ್ಪ. ಸೌಂಡ್ ಜಾಸ್ತಿ ಬೇಡ.

ಯಮುನಾ ಮಗಳ ಕಡೆಗೆ ಬಾಗಿ ಏನೋ ಹೇಳುತ್ತಿದ್ದಾಳೆ. ಕಾವ್ಯಳೂ ಏನೋ ಹೇಳುತ್ತಿದ್ದಾಳೆ. ಇಷ್ಟು ಹತ್ತಿರ ನಿಂತರೂ ನನಗೆ ಕೇಳಿಸುತ್ತಿಲ್ಲ. ಕೇಳಿಸಿಕೊಳ್ಳಲು ಹೋಗುವುದೂ ಇಲ್ಲ. ಬನ್ನಿ ಮೇಷ್ಟ್ರೇ, ನಾವಿಬ್ಬರೂ ಕೆಳಗಿಳಿದು ಜನರ ನಡುವೆ ಕೂತುಕೊಳ್ಳೋಣ. ನಮಸ್ಕಾರ.